ಪುಟ ನಲವತ್ತೊಂದು

ಮೈಸೂರು–ಮಂಡ್ಯ ಕೊನೇ ಟ್ರಿಪ್ಪು. ಹಿಂದಿನ ಸೀಟಿನಲ್ಲಿ
ಯಾರೋ ಬಿಟ್ಟುಹೋದ ಪುಸ್ತಕ: ರಟ್ಟಿಲ್ಲ, ಎರಡು ಪಿನ್ನು,
ಮುಖಪುಟದಲ್ಲಿ ತಲೆಕೆಳಗಾದ ಬಾವಲಿ.
ತಿರುಗಿಸಿ ಹಿಡಿದೆ. ಆಮೇಲೆ ಹೊಳೆಯಿತು,
ಬಾವಲಿ ಇರುವುದೇ ಹಾಗೆ.

ವಾರ ಕಾದೆ. ಡಿಪೋಗೆ ಛತ್ರಿ ಕೇಳಿ ಬಂದರು,
ಟಿಫನ್ ಕ್ಯಾರಿಯರ್ ಕೇಳಿ ಬಂದರು.
ಪುಸ್ತಕ ಯಾರಿಗೂ ಬೇಡ.
ಓದಿದೆ. ಕಥೆಯಲ್ಲ ಅದು, ಕಥೆ ಬೇಯಿಸುವ ಪಾತ್ರೆಪಡಗ:
ಒಬ್ಬ ಹೇಳಬೇಕು, ಉಳಿದವರು ಆಗಬೇಕು,
ಬಾಗಿಲು ತೆರೆಯಿತೋ ಇಲ್ಲವೋ ದಾಳ ಹೇಳಬೇಕು.
ನೀರಿಳಿದ ಬೇಸಗೆಯಲ್ಲಿ ಎದ್ದು ಕೂತ ಮುಳುಗಡೆ ಊರು,
ಅದಕ್ಕೊಬ್ಬ ತಳವಾರ, ಒಬ್ಬಳು ಸೂಲಗಿತ್ತಿ,
ಬಾವಿಯಲ್ಲೊಂದು ದೆವ್ವ.

ಬೆಲ್ಲದ ಮಂಡಿಯ ಹಿಂದೆ, ಭಾನುವಾರ, ನಾಲ್ಕೇ ಜನ.
ಇಪ್ಪತ್ತು ಮುಖದ ದಾಳ ಮಂಡ್ಯದಲ್ಲಿ ಎಲ್ಲಿ ಸಿಗಬೇಕು?
ಹರಿದ ಟಿಕೆಟ್ಟಿನ ಬೆನ್ನಿಗೆ ಅಂಕಿ ಬರೆದು
ಡಬ್ಬಿಯಲ್ಲಿ ಕುಲುಕಿದೆವು.
ಮಂಡಿಯ ಲೆಕ್ಕ ಬರೆಯುವ ತಸ್ಲೀಮಾ ಸೂಲಗಿತ್ತಿ.
ಮೂರನೇ ವಾರ ಬಾವಿಯ ದೆವ್ವ ಅವಳನ್ನು ಕೊಂದಿತು.
ಎಷ್ಟು ಹೊಡೆದರೂ ಅದು ಬೀಳಲೊಲ್ಲದು,
ಪುಟ ನಲವತ್ತೊಂದು: ಪ್ರಾಣ ತೊಂಬತ್ತು.
"ಬುಡವ್ವ, ಆಟ ತಾನೆ" ಅಂದ ಬೋರೇಶ.
ಅವಳು ಡಬ್ಬಿಯ ಮುಚ್ಚಳ ಹಾಕಿದಳು.
ಮುಂದಿನ ಭಾನುವಾರ ಬರಲಿಲ್ಲ.

ಬೆನ್ನಪುಟದ ವಿಳಾಸಕ್ಕೆ ಕಾರ್ಡು ಹಾಕಿದೆ,
ಬಾವಲಿ ಪ್ರಕಾಶನ, ಸೈಕಲ್ ಶಾಪಿನ ಮೇಲೆ, ಮಂಡಿ ಮೊಹಲ್ಲ:
"ಸ್ವಾಮಿ, ಬಾವಿಯಲ್ಲಿರೋದು ದೆವ್ವವೋ ರೈಲೋ?"

ಹನ್ನೊಂದನೇ ದಿನ ಲಕೋಟೆ. ಅರ್ಧ ಹಾಳೆ:
"ತೊಂಬತ್ತು ಅಲ್ಲ, ಒಂಬತ್ತು.
ಟೈಪು ಮಾಡಿದವನು ನಾನೇ. ತಪ್ಪು ನನ್ನದೇ.
ಈ ತಪ್ಪಿನಿಂದ ಸತ್ತವರು ಸತ್ತಿಲ್ಲ.
ಬಾವಿಯಿಂದ ಎತ್ತಿ, ಬಿಸಿನೀರು ಕೊಟ್ಟು, ಆಟ ಮುಂದುವರಿಸಿ."
ಲಕೋಟೆಯ ಮೂಲೆಯಲ್ಲಿ ಏನೋ ಉರುಳಿತು:
ದಾಳ. ಹದಿನೇಳರ ಅಂಚು ಚೂರು ಮುಕ್ಕು.

ನಮ್ಮಪ್ಪ ಕಾಳಯ್ಯ. ಪಹಣಿಯಲ್ಲಿ ಬಾಳಯ್ಯ.
ಒಂದಕ್ಷರಕ್ಕೆ ಹದಿನಾಲ್ಕು ವರ್ಷ
ಪಾಂಡವಪುರದ ಕಚೇರಿ ಮೆಟ್ಟಿಲು ಹತ್ತಿದ.
ತಪ್ಪು ಹಳೇ ಸಾಹೇಬರದು ಅಂದರು, ಹಳೇ ಪುಸ್ತಕದ್ದು ಅಂದರು,
ಮಸಿಯದ್ದು ಅಂತಲೂ ಒಬ್ಬ ಅಂದ.
ಕಾಳಯ್ಯ ಹೋಗಿ ಆರು ವರ್ಷ.
ಬಾಳಯ್ಯ ಅಲ್ಲಿ ಬಾಳುತ್ತಲೇ ಇದ್ದಾನೆ.

ಆ ಅರ್ಧ ಹಾಳೆ ಮಂಡಿಗೆ ಒಯ್ದೆ.
ತಸ್ಲೀಮಾ ಕೂಡುವ ಲೆಕ್ಕದ ಹಾಗೆ ಎರಡು ಸಲ ಓದಿದಳು.
"ಹಂಗಾರೆ ನಾನು ಸತ್ತಿಲ್ಲ?"
"ಇಲ್ಲ."
"ಬಿಸಿನೀರು ಯಾರು ಕೊಡ್ತೀರಾ?"

ಈಗ ಬಾವಲಿಯವರು ಏನು ತಂದರೂ ನನಗೊಂದು ಪ್ರತಿ,
ಬೆಲೆ ನೋಡುವುದಿಲ್ಲ. ಚೆನ್ನಾಗಿಲ್ಲದ್ದೂ ಇದೆ,
ಆ ಕಡಲ್ಗಳ್ಳರ ಆಟವಂತೂ ಶುದ್ಧ ಬೋರು,
ಕಪಾಟಿನಲ್ಲಿ ಅದೂ ಇದೆ.
ಒಮ್ಮೆ ಮೈಸೂರಲ್ಲಿ ಬಿಡುವು ಸಿಕ್ಕಿ
ಸೈಕಲ್ ಶಾಪಿನ ಪಕ್ಕದ ಮೆಟ್ಟಿಲು ಹತ್ತಿದೆ.
ಒಳಗೆ ಇಬ್ಬರ ಜಗಳ:
"ಮೊಸಳೆಗೆ ಏಳು ಸಾಲದು ಕಣಯ್ಯ, ಎಂಟು ಮಾಡು."
"ಎಂಟಾದರೆ ಅಂಬಿಗ ಉಳಿಯಲ್ಲ."

ಕದ ತಟ್ಟಲಿಲ್ಲ.
ಬಸ್ಸಿಗೆ ಹೊತ್ತಾಗಿತ್ತು,
ಮತ್ತೆ, ಅಂಬಿಗನ ಪ್ರಾಣ ಇನ್ನೂ ತೀರ್ಮಾನವಾಗಿರಲಿಲ್ಲ.