ಮೊದಲು ಮೂಸು

ಕಣ್ಣನ್ನು ನಂಬಬೇಡ, ಮೊದಲು ಮೂಸು
ಎಂದಳು ಪಿರೋಶ್ಕಾ ಅತ್ತೆ.
ಪೇಚ್ ಪಟ್ಟಣದ ಭಾನುವಾರದ ಸಂತೆ.
ಹಳೆ ಟೈರು, ತುಕ್ಕು ಬೀಗ, ಯಾರದೋ ಸೇನಾಪದಕಗಳ ನಡುವೆ
ದೆಜೋ ಮುದುಕ ಇಟ್ಟುಕೊಂಡು ಕೂತಿದ್ದ
ಮೂರು ಗಾಜಿನ ಬುರುಡೆ,
ಒಂದೊಂದಕ್ಕೂ ಇಪ್ಪತ್ತೈದು ಲೀಟರ್ ಹೊಟ್ಟೆ,
ಎರಡು ಬೆರಳು ಹೋಗುವಷ್ಟೇ ಬಾಯಿ.

ಮೊದಲನೆಯದು ಸೀಮೆಎಣ್ಣೆ. ಅತ್ತೆ ಮುಖ ತಿರುಗಿಸಿದಳು.
ಎರಡನೆಯದಕ್ಕೆ ವಾಸನೆಯೇ ಇಲ್ಲ;
ಅದನ್ನಂತೂ ಮುಟ್ಟಲೂ ಇಲ್ಲ:
'ಇಷ್ಟು ವರ್ಷ ಬದುಕಿ ಏನೂ ನಾರದಿದ್ದರೆ
ಏನನ್ನೋ ಮುಚ್ಚಿಟ್ಟಿದೆ.'
ಮೂರನೆಯದು ಹುಳಿ ಹುಳಿ, ಕೆಟ್ಟ ವೈನು, ಸತ್ತ ನೊಣ.
'ಇದು ನಮ್ಮದು,' ಎಂದಳು
ಸಂಬಂಧ ಕುದುರಿಸಿದವಳ ಹಾಗೆ.
ಹೇಳಿದ್ದು ಆರು ಸಾವಿರ ಫೋರಿಂಟ್, ಕೊಟ್ಟದ್ದು ನಾಲ್ಕು.
ಬಸ್ಸಿನಲ್ಲಿ ಅದು ಕೂತಿತು. ನಾನು ನಿಂತೆ.

ಮನೆಯಲ್ಲಿ ಹುಳಿಚೆರ್ರಿ ಕಾದಿತ್ತು,
ಬೀಜ ತೆಗೆದು ಎರಡು ಬಕೆಟ್.
ನಮ್ಮ ಉಗುರುಗಳೆಲ್ಲ
ಕೊಲೆ ಮಾಡಿ ಬಂದವರ ಉಗುರು.

ಒಳಗೆ ಕೈ ಹೋಗದು. ಅದಕ್ಕೇ
ಮೊಟ್ಟೆಯ ಸಿಪ್ಪೆ ಪುಡಿ ಮಾಡಿ, ಕಲ್ಲುಪ್ಪು, ಒಂದು ಲೋಟ ವಿನಿಗರ್;
ನೀರು ಉಗುರುಬೆಚ್ಚಗೆ ಸಾಕು,
ಹಳೆ ಗಾಜು ಸಿಡುಕಿನದು.
ಆಮೇಲೆ ತೊಡೆಯ ಮೇಲಿಟ್ಟು ತೂಗು,
ಕೂಸಿಗೆ ಹೊಟ್ಟೆನೋವು ಬಂದ ರಾತ್ರಿಯ ಹಾಗೆ.
ಗರಗರ. ಗರಗರ.
ಚೆಲ್ಲಿದ ನೀರು ಕಂದು. ಮತ್ತೆ. ಕಂದು.
ಮತ್ತೆ. ಚಹಾದ ಬಣ್ಣ.
ಭುಜದ ಹತ್ತಿರ ಒಂದು ಉಂಗುರ ಮಾತ್ರ ಬಿಡಲೊಲ್ಲದು,
ಯಾವುದೋ ವರ್ಷದ ವೈನು ನಿಂತಿದ್ದ ಮಟ್ಟ.
ರಾತ್ರಿಯಿಡೀ ಸೋಡಾದಲ್ಲಿ ನೆನೆಸಿದೆವು.
ಬೆಳಿಗ್ಗೆ ಜಾರಿ ಬಂತು
ಹಾಲಿನ ಕೆನೆಯಂತೆ, ಒಂದೇ ತುಂಡು.

ಅತ್ತೆ ಕಿಟಕಿಗೆ ಹಿಡಿದಳು.
ಬೆಳಕು ಒಳಗೆಲ್ಲ ಅಡ್ಡಾಡಿ
ಉಂಗುರವಿದ್ದ ಕಡೆ ಬಂದು
ಒಂದು ಕೂದಲ ಮೇಲೆ ನಿಂತಿತು.

ಕೂದಲಲ್ಲ. ಬಿರುಕು.
ಇಷ್ಟು ದಿನ ಕೊಳೆಯೇ ಹಿಡಿದಿಟ್ಟಿತ್ತು ಅದನ್ನು.

ಅತ್ತೆ ಬೈದಳು. ದೆಜೋನನ್ನೋ, ಸೋಡಾವನ್ನೋ,
ತೊಳೆದ ನಮ್ಮನ್ನೋ, ತಿಳಿಯಲಿಲ್ಲ.
ಚೆರ್ರಿ ಕಾಯುವುದಿಲ್ಲ ಯಾರಿಗೂ.
ಅಟ್ಟದಿಂದ ಇಳಿದವು
ಸೌತೆ ಉಪ್ಪಿನಕಾಯಿಯ ಏಳು ಗಾಜಿನ ಭರಣಿ,
ಎಷ್ಟು ಉಜ್ಜಿದರೂ ಸಬ್ಬಸಿಗೆಯನ್ನು ಬಿಟ್ಟುಕೊಡದವು.
ಇರಲಿ, ಎಂದಳು. ಕುಡಿಯುವವರು ನಾವೇ.
ಮುಚ್ಚಳ ಸಿಗಲಿಲ್ಲ; ಬಾಯಿಗೆ ರಬ್ಬರ್ ಕೈಗವಸು ಕಟ್ಟಿ
ಒಂದೊಂದು ಬೆರಳಿಗೆ ಸೂಜಿ ಚುಚ್ಚಿದೆವು.

ನಾಲ್ಕನೆಯ ದಿನ ಉಗ್ರಾಣದ ಬಾಗಿಲು ತೆಗೆದರೆ
ಕತ್ತಲಲ್ಲಿ ಏಳು ಕೈ ಎದ್ದು ನಿಂತಿವೆ,
ಪ್ರಶ್ನೆ ಮುಗಿಯುವ ಮೊದಲೇ
ಉತ್ತರ ಗೊತ್ತಿರುವ ಮಕ್ಕಳಂತೆ.
'ಎಲ್ಲಿ, ನೀನು ಹೇಳು,'
ಮೂಲೆಯದಕ್ಕೆ ಬೆರಳು ತೋರಿ
ಅತ್ತೆ ಬಗ್ಗಿದಳು,
ಮೂಸಿದಳು.