ನಿಂತಾಗ ಹೊರುವ ಭಾರ

ಸ್ವಾಕೋಪ್‌ಮುಂಡಿನಲ್ಲಿ ಬೆಳಗಿನ ಹತ್ತಕ್ಕೂ ಮಂಜು.
ಕಡಲು ಕಾಣದು; ಅದರ ಉಪ್ಪು ಮಾತ್ರ
ನನ್ನ ಶೆಡ್ಡಿನ ತಗಡನ್ನು ದಿನಾ ಒಂದಿಷ್ಟು ತಿನ್ನುತ್ತದೆ.
ಆ ಮಂಜಿನೊಳಗಿಂದ ಮೊದಲು ಸದ್ದು ಬಂತು,
ಆಮೇಲೆ ದೀಪ, ಆಮೇಲೆ ಗಾಡಿ, ಗಾಡಿಯಿಂದ ಇಬ್ಬರು:
ಹಾಂಗುಲಾ, ವಾಲ್ವಿಸ್ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನು ನಡೆಸಿದವನು;
ತುಯೆನಿ, ಅವನ ಹೆಂಡತಿ.

ಗಾಡಿಯ ನೆತ್ತಿಗೆ ಗುಡಾರ ಬೇಕಂತೆ.
ಗುಡಾರ ಆಗಲೇ ಕೊಂಡಾಗಿದೆ. ಮಡಚಿದರೆ ಹಾಸಿಗೆಗಂಟು,
ಬಿಚ್ಚಿದರೆ ಏಣಿ ಸಮೇತ ಮಾಳಿಗೆ. ಅರವತ್ತೆರಡು ಕೆಜಿ.
ಅದನ್ನು ಹೊರುವ ಚೌಕಟ್ಟು ಆರಿಸುವುದಷ್ಟೇ ಬಾಕಿ.

"ಹಗುರದ್ದು ಸಾಕಪ್ಪ," ಎಂದ ಹಾಂಗುಲಾ,
ಗೋಡೆಗೊರಗಿದ ಅಲ್ಯೂಮಿನಿಯಂ ಸರಳನ್ನು ಬೆರಳಲ್ಲಿ ಮಿಡಿದು.
ನಾನು ಹೇಳಿದೆ: ಅಂಗಡಿಯ ಚೀಟಿಯಲ್ಲಿ ಅಂಕಿ ಒಂದೇ,
ಭಾರಕ್ಕೆ ಮಾತ್ರ ಎರಡು ಲೆಕ್ಕ.
ಓಡುವಾಗ ಹೊರುವುದು ಒಂದು, ನಿಂತಾಗ ಹೊರುವುದು ಇನ್ನೊಂದು.
ಓಡುವಾಗ ಮೇಲೆ ಗುಡಾರವೊಂದೇ, ಆದರೆ ರಸ್ತೆ ಸುಮ್ಮನಿರುವುದಿಲ್ಲ.
ಬಡಗಣಕ್ಕೆಲ್ಲ ಬಾಚಣಿಗೆ ಹಲ್ಲಿನಂಥ ಜಲ್ಲಿದಾರಿ,
ಒಂದೊಂದು ಹಲ್ಲೂ ಅರವತ್ತೆರಡನ್ನು ನೂರಾಗಿಸಿ ಕುಟ್ಟುತ್ತದೆ.
ನಿಂತಾಗ ರಸ್ತೆ ಇಲ್ಲ, ಜನ ಇರುತ್ತಾರೆ.
ಏಣಿ ಹತ್ತುವ ಭಾರ. ಮಗ್ಗುಲು ಬದಲಿಸುವ ಭಾರ.

ಕ್ರೇನಿನವನಿಗೆ ಇದನ್ನು ಹೇಳಿಕೊಡಬೇಕೆ?
"ಎತ್ತುವ ಮುಂಚೆ ತೂಗು," ಎಂದು ಅವನೇ ನಕ್ಕ.

ಗಾಡಿ ಹಳೆಯದು, ಎಂಬತ್ತೇಳರದು.
ಸೂರಿನ ಸುತ್ತ ಮಳೆನೀರಿಗೆಂದು ದೋಣಿ ತೆಗೆದಿದ್ದಾರೆ,
ಮಳೆ ಮುಖ ತೋರಿಸದ ಈ ಕರಾವಳಿಯಲ್ಲಿ!
ಇಷ್ಟು ವರ್ಷ ಮರಳನ್ನಷ್ಟೇ ಕುಡಿದ ದೋಣಿ.
ಕೆರೆದು ನೋಡಿದೆ. ತುಕ್ಕು ಮೇಲ್ಮೇಲಿನದು, ಒಳಗೆ ಗಟ್ಟಿ.
ಚೌಕಟ್ಟಿನ ಕಾಲು ಕಚ್ಚಿ ಹಿಡಿಯಲು ಇದಕ್ಕಿಂತ ಒಳ್ಳೆ ಜಾಗವಿಲ್ಲ.
ಈಗಿನ ನುಣ್ಣನೆ ಗಾಡಿಗಳಿಗೆ ಈ ಭಾಗ್ಯ ಎಲ್ಲಿ.

"ಮಲಗುವವರ ತೂಕ?"
ತುಯೆನಿ ನಾಚದೆ ಹೇಳಿದಳು: ಎಂಬತ್ತನಾಲ್ಕು.
"ತೊಂಬತ್ತೆರಡು," ಎಂದ ಹಾಂಗುಲಾ,
ಹುಟ್ಟಿದೂರಿನ ಹೆಸರು ಹೇಳುವ ಹಾಗೆ.

ಬಾಯಿಮಾತಿನ ಮೇಲೆ ನಾನು ಬೆಸುಗೆ ಹಾಕುವವನಲ್ಲ.
ಮೂಲೆಯಲ್ಲಿದೆ, ಉಪ್ಪಿನ ಮೂಟೆ ತೂಗುತ್ತಿದ್ದ ತಕ್ಕಡಿ.
ಅವಳು ಹತ್ತಿದಳು: ಎಂಬತ್ತೇಳು. ಚಪ್ಪಲಿಯನ್ನು ಬೈದಳು.
ಅವನು ಹತ್ತಿದ, ಕೋಟು ಸಮೇತ.
ಮುಳ್ಳು ಎದ್ದು, ತುಸು ನಡುಗಿ,
ಎಪ್ಪತ್ತೊಂದಕ್ಕೆ ನಿಂತಿತು.

ಕಂಪ್ರೆಸರ್ ತಾನಾಗಿ ಹೊತ್ತಿಕೊಂಡಿತು, ಗಾಳಿ ತುಂಬಿಕೊಂಡು ಆರಿತು.
"ನಿನ್ನ ತಕ್ಕಡಿಗೂ ತುಕ್ಕು," ಎಂದ, ಇಳಿಯುತ್ತ.
ಹೌದು, ಎಂದೆ.
ಅದು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.
ತುಯೆನಿ ಅವನ ಬೆಲ್ಟನ್ನು ನೋಡುತ್ತಿದ್ದಳು.
ಮೊಳೆಯಿಂದ ಚುಚ್ಚಿದ ಒಂದು ತೂತು, ಅದರಾಚೆ
ಇನ್ನೂ ಹೊಸದೊಂದು.
ಎಷ್ಟು ರಾತ್ರಿ ಅದೇ ಬೆಲ್ಟು ಅವಳ ಕಣ್ಣೆದುರೇ
ಕುರ್ಚಿಯ ಬೆನ್ನಿಗೆ ನೇತಾಡಿತ್ತೋ.

ಪೆನ್ಸಿಲ್ ಎತ್ತಿಕೊಂಡೆ. ಎಪ್ಪತ್ತೊಂದಾದರೆ
ಎರಡು ಅಡ್ಡಸರಳು ಸಾಕು, ಅಲ್ಯೂಮಿನಿಯಮ್ಮೇ ನಡೆದೀತು,
ಖರ್ಚೂ ಅರ್ಧ
"ತೊಂಬತ್ತೆರಡೇ ಬರೆ," ಎಂದಳು ತುಯೆನಿ.

ಬರೆದೆ.
ಉಕ್ಕು. ಮೂರು ಅಡ್ಡಸರಳು. ಆರು ಕಾಲು.
ಉಕ್ಕಿನ ಭಾರವನ್ನೂ ಸೂರೇ ಹೊರಬೇಕು, ನಿಧಾನ ಓಡಿಸಿ, ಎಂದೆ.
ಅವಸರ ಯಾರಿಗಿದೆ, ಎಂದಳು.

ಐದನೆಯ ದಿನ ಗುಡಾರ ಕೂರಿಸಿ ಬಿಚ್ಚಿದೆವು.
ಹಾಂಗುಲಾ ಏಣಿ ಹತ್ತಿದ, ನಡುನಡುವೆ ನಿಂತು ನಿಂತು.
ಅವಳು ಎರಡು ಕೈಯಲ್ಲೂ ಏಣಿಯನ್ನು ಹಿಡಿದಿದ್ದಳು.
ಚೌಕಟ್ಟು ಕಿರ್ರೆನ್ನಲಿಲ್ಲ.
"ಬಾರೇ," ಎಂದು ಮೇಲಿಂದ ಕೂಗಿದ, "ಇಲ್ಲಿಂದ ಕಡಲು ಕಾಣುತ್ತೆ!"

ಆ ಮಂಜಿನಲ್ಲಿ ಪಕ್ಕದ ಪೆಟ್ರೋಲ್ ಬಂಕೂ ಕಾಣುತ್ತಿರಲಿಲ್ಲ.
ಅವಳು ಚಪ್ಪಲಿ ಬಿಟ್ಟು ಹತ್ತಿದಳು.

"ನೂರು ಕಿಲೋಮೀಟರ್ ಆದಮೇಲೆ ನಿಲ್ಲಿಸಿ,
ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು," ಎಂದು
ಕೆಳಗಿಂದ ಕೂಗಿದೆ.
ಮೇಲೆ ಜಿಪ್ಪು ಎಳೆದುಕೊಂಡ ಸದ್ದು.