ಹಿಗ್ಗಿನ ಅಳತೆ

ಕುತ್ತಿಗೆ ಸ್ವಲ್ಪ ಎಡಕ್ಕೆ ತಿರುಗಿಸಿ, ಪೋಕರ್ ಕಾಕಾ.
ಜೆಲ್ ತಣ್ಣಗಿದೆ, ಬೆಚ್ಚಬೇಡಿ. ಮಾತಾಡಬೇಡಿ.
ಉಗುಳನ್ನೂ ನಾನು ಹೇಳಿದಾಗ ನುಂಗಿ.

ವಿರಾಜಪೇಟೆ ಆಸ್ಪತ್ರೆಯ ನೆಲಮಹಡಿ, ಜನವರಿ.
ಹೊರಗೆ ಕಾಫಿಹಣ್ಣಿನ ಮೂಟೆ ಹೊತ್ತ ಪಿಕಪ್ಪುಗಳು
ಏರಿನಲ್ಲಿ ಗೇರು ಬದಲಿಸಿ ಏದುತ್ತಿವೆ.
ಪಂಕ್ಚರ್ ಅಂಗಡಿಗೆ ಇದೇ ಸುಗ್ಗಿ, ಆದರೂ
ಗೋಣಿಕೊಪ್ಪದಲ್ಲಿ ಬಾಗಿಲೆಳೆದು ಬಂದಿದ್ದಾರೆ,
ನನಗಾಗಿ ಅಲ್ಲ:
ಮೇಲಿನ ವಾರ್ಡಿನಲ್ಲಿ ಬೀಪಾತುಮ್ಮನ ಕಣ್ಣಿನ ಕಟ್ಟು
ಇವತ್ತು ಬಿಚ್ಚುತ್ತಾರೆ.
ಕಾಯುತ್ತ ಕೂತವರನ್ನು ನಾನೇ ಎಳೆದು ತಂದೆ.
ಡಾಕ್ಟರ ಅಧ್ಯಯನಕ್ಕೆ ನೂರು ಕುತ್ತಿಗೆ ಬೇಕು,
ಎಂಬತ್ತೇಳಾಗಿದೆ.

ಪರದೆಯಲ್ಲಿ ಎರಡು ಬೂದುಗೆರೆ, ನಡುವೆ ಕಪ್ಪು.
ಗೆರೆಗಳು ದೂರ ಸರಿಯುತ್ತವೆ, ಹತ್ತಿರ ಬರುತ್ತವೆ,
ಮತ್ತೆ ಸರಿಯುತ್ತವೆ.
ಅಗಲವಾದಾಗ ಏಳು ಮಿಲಿಮೀಟರಿಗೆ ತುಸು ಮೇಲೆ,
ಕಿರಿದಾದಾಗ ತುಸು ಕೆಳಗೆ.
ನಡುವೆ ಮೂರ್ನಾಲ್ಕು ಕೂದಲ ದಪ್ಪದಷ್ಟು ವ್ಯತ್ಯಾಸ.
ಅದಕ್ಕಾಗಿ ಇಷ್ಟು ದೊಡ್ಡ ಯಂತ್ರ, ಇಷ್ಟು ಕತ್ತಲೆ ಕೋಣೆ.

‘ಏನು ಅಳೀತೀರಿ ಮೇಡಂ?’
ರಕ್ತನಾಳ ಎಷ್ಟು ಹಿಗ್ಗುತ್ತೆ ಅಂತ.
‘ಹಿಗ್ಗುತ್ತಾ! ಯಾರ ಮದುವೆ?’
ನಕ್ಕರು. ಗೆರೆ ಕದಡಿತು. ಮೊದಲ ಚಿತ್ರ ಹಾಳು.

‘ಹಿಗ್ಗೋದು ಯಾವ ಟ್ಯೂಬೂ ಹಿಗ್ಗುತ್ತೆ.
ವಾಪಸ್ ಬರುತ್ತಾ, ಅದು ನೋಡಬೇಕು.
ನಾನು ಹೆಬ್ಬೆರಳಲ್ಲಿ ಒತ್ತಿ ಬಿಡ್ತೀನಿ.
ಗುಳಿ ಹಾಗೇ ನಿಂತ್ರೆ ಗಿರಾಕಿಗೆ ಹೇಳ್ತೀನಿ,
ಇದಕ್ಕೆ ಪ್ಯಾಚ್ ಹಾಕಿ ನಿನ್ನ ದುಡ್ಡು ತಿನ್ನಲ್ಲ.’

ನಮ್ಮ ಶಾಲೆಯ ಗೋಡೆ ನೆನಪಾಯಿತು.
ಹೊಗಳಿದರೆ ಹಿಗ್ಗಬೇಡ, ತೆಗಳಿದರೆ ಕುಗ್ಗಬೇಡ:
ನೀಲಿ ಪೇಂಟಿನಲ್ಲಿ ಬರೆಸಿದವರು ದೇಚಮ್ಮ ಟೀಚರ್.
ನಲವತ್ತೊಂದನೆಯ ಕುತ್ತಿಗೆ ಅವರದೇ.
ಗೆರೆಗಳು ಅಲುಗಿದವೋ ಇಲ್ಲವೋ,
ಯಂತ್ರವೇ ಕೆಟ್ಟಿತೆಂದು ಎರಡು ಸಲ ಆರಿಸಿ ಹೊತ್ತಿಸಿದೆ.
‘ಚೆನ್ನಾಗಿದೆಯಾ?’ ಕೇಳಿದರು,
ಹಾಜರಿ ಕೂಗುವ ಅದೇ ನೆಟ್ಟನೆ ದನಿಯಲ್ಲಿ.
ಡಾಕ್ಟರ್ ಹೇಳ್ತಾರೆ ಟೀಚರ್, ಎಂದೆ.
ಜೀವಮಾನವಿಡೀ ಹಿಗ್ಗದೆ ಕುಗ್ಗದೆ ಬಾಳಿದವರಿಗೆ
ಅದನ್ನೇ ಕಾಯಿಲೆ ಎಂದು ಹೇಗೆ ಹೇಳಲಿ?

ಇರಲಿ. ತೋಳಿಗೆ ಪಟ್ಟಿ ಸುತ್ತಿದೆ.
ಒತ್ತಡ ಅಳೆಯುವುದು ತೋಳಿನಲ್ಲಿ,
ಹಿಗ್ಗು ನೋಡುವುದು ಕುತ್ತಿಗೆಯಲ್ಲಿ.
ನಡುದಾರಿಯಲ್ಲಿ ಲೆಕ್ಕ ಬದಲಾಗುವುದು
ನಮಗೆಲ್ಲ ಗೊತ್ತು. ಆದರೂ ಭಾಗಿಸುತ್ತೇವೆ.

ಮೂರನೆಯ ಚಿತ್ರಕ್ಕೆ ಉಸಿರು ಹಿಡಿಸಿದ್ದೆ,
ಬಾಗಿಲು ಧಡಕ್ಕನೆ ತೆರೆಯಿತು. ಆಯಾ ಪ್ರಿಸಿಲ್ಲಾ:
‘ಕಾಕಾ, ಬೀಪಾತುಮ್ಮ ಗೋಡೆ ಗಡಿಯಾರ ನೋಡಿ
ಹತ್ತೂಕಾಲು ಅಂದ್ರು!
ಅಂಗಡಿ ಯಾರು ನೋಡ್ತಿದ್ದಾರೆ ಅಂತಲೂ ಕೇಳಿದ್ರು.’

ಮಾತಾಡಬೇಡಿ ಅಂದಿದ್ದೆನಲ್ಲ, ಮಾತಾಡಲಿಲ್ಲ.
ಕಣ್ಣಂಚಿನಿಂದ ಒಂದು ಹನಿ ಕಿವಿಯ ಬಳಸಿ ಇಳಿದು
ಜೆಲ್ಲಿನಲ್ಲಿ ಕೂಡಿತು.
ಪಟ್ಟಿ ತಾನಾಗಿ ಉಬ್ಬಿ, ಬುಸ್ಸೆಂದು ಇಳಿದು ತೋರಿಸಿತು:
ನೂರ ನಲವತ್ತಿದ್ದದ್ದು ನೂರ ಅರವತ್ತೆರಡು.
ಸೂತ್ರಕ್ಕೆ ಹಾಕಿದೆ. ನಾಳ ಮೊದಲಿಗಿಂತ ಬಿಗಿ!
ತುಂಬಿದ ಟ್ಯೂಬಿಗೆ ಮತ್ತೆ ಗಾಳಿ ಹೊಡೆದ ಹಾಗೆ,
ಹಿಗ್ಗಿದಷ್ಟೂ ಹಿಗ್ಗಲು ಜಾಗ ಕಡಿಮೆ.
ಸಂತೋಷ ನಮ್ಮ ಯಂತ್ರಕ್ಕೆ
ಗಡಸಾಗಿ ಕಾಣುತ್ತದೆ.

ಹತ್ತು ನಿಮಿಷ ನಿಶ್ಚಲವಾಗಿ ಮಲಗಿಸಿ ಮತ್ತೆ ಅಳೆಯಬೇಕು,
ನಿಯಮ. ಯಾರು ಮಲಗುತ್ತಾರೆ?
ಪಟ್ಟಿ ಬಿಚ್ಚುವ ಮೊದಲೇ ಎದ್ದಾಗಿತ್ತು,
ಕತ್ತಿನಲ್ಲಿ ಜೆಲ್ ಹೊಳೆಯುತ್ತಿದ್ದಂತೆ
ಎರಡೆರಡು ಮೆಟ್ಟಿಲು.

ಅಳತೆ ಕೈಬಿಟ್ಟ ಕಾರಣ ಗುರುತು ಹಾಕಿ, ಎನ್ನುತ್ತದೆ ಫಾರಂ:
ಕೆಮ್ಮು, ಚಲನೆ, ಇತರೆ.
ಇತರೆಗೆ ಗೀಟು ಹಾಕಿದೆ.
ಎಂಬತ್ತೇಳು ಎಂಬತ್ತೇಳಾಗಿಯೇ ಉಳಿಯಿತು.

ಜೆಲ್ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿಟ್ಟು
ಮುಂದಿನ ಹೆಸರು ಕೂಗಿದೆ.